ತಲೆನೋವಿನ ಮಾತ್ರೆ: ಯಾವುದು, ಯಾವಾಗ, ತಿಂಗಳಿಗೆ ಎಷ್ಟು ದಿನ

ನಮ್ಮ ಬಡಾವಣೆಯ ಗ್ರಂಥಾಲಯದಲ್ಲಿ ಮೈಗ್ರೇನ್ ಔಷಧಿಗಳ ಬಗ್ಗೆ ಆಡಿದ ಮಾತು ಇದು. ಬಂದವರಲ್ಲಿ ಕೆಲವರು ಬರೆದು ಕೊಡಿ, ಮನೆಯವರಿಗೂ ಓದಿಸುತ್ತೇವೆ ಎಂದರು. ಕೊನೆಯಲ್ಲಿ ಕೇಳಿದ ಪ್ರಶ್ನೆಗಳನ್ನೂ ಸೇರಿಸಿದ್ದೇನೆ.

ಎಲ್ಲರಿಗೂ ನಮಸ್ಕಾರ. ನಾನು ಡಾಕ್ಟರ್ ಅಲ್ಲ, ಫಾರ್ಮಸಿಸ್ಟ್. ವರ್ಷಗಟ್ಟಲೆ ಮೆಡಿಕಲ್ ಶಾಪಿನ ಕೌಂಟರ್ ಹಿಂದೆ ನಿಂತವಳು. ನಿಮಗೆ ಇರುವುದು ಮೈಗ್ರೇನ್ ಹೌದೋ ಅಲ್ಲವೋ ಎಂದು ಹೇಳುವುದು ಡಾಕ್ಟರ ಕೆಲಸ. ಆದರೆ ಯಾರು ಯಾವ ಮಾತ್ರೆಯನ್ನು ಎಷ್ಟು ಸಲ ಕೊಂಡುಹೋಗುತ್ತಾರೆ ಎನ್ನುವುದು ಕೌಂಟರಿನಲ್ಲಿ ನಿಂತವರಿಗೆ ಕಾಣುವಷ್ಟು ಬೇರೆ ಯಾರಿಗೂ ಕಾಣುವುದಿಲ್ಲ. "ಅಕ್ಕಾ, ತಲೆನೋವಿಗೆ ಸ್ಟ್ರಾಂಗ್ ಆಗಿರೋದು ಒಂದು ಕೊಡಿ" ಎನ್ನುವ ಮಾತನ್ನು ದಿನಾ ಕೇಳುತ್ತೇನೆ. ಹೋದ ವಾರ ಬಂದವರೇ ಈ ವಾರವೂ ಬರುತ್ತಾರೆ. ಮುಂದಿನ ತಿಂಗಳು ಅವರಿಗೆ ಒಂದು ಸ್ಟ್ರಿಪ್ ಸಾಲುವುದಿಲ್ಲ, ಎರಡು ಬೇಕು. ಇದನ್ನು ನೋಡಿ ನೋಡಿ ನನಗೆ ಸಂಕಟವಾಗುತ್ತದೆ. ಅದಕ್ಕೇ ಇವತ್ತು ಬಂದೆ. ಮೈಗ್ರೇನ್ ವಿಷಯದಲ್ಲಿ ಮಾತ್ರೆ ಎಷ್ಟು ಸ್ಟ್ರಾಂಗ್ ಎನ್ನುವುದಕ್ಕಿಂತ ಎರಡು ಲೆಕ್ಕ ಮುಖ್ಯ. ನೋವು ಶುರುವಾಗಿ ಎಷ್ಟು ಹೊತ್ತಿಗೆ ನುಂಗಿದಿರಿ, ತಿಂಗಳಿಗೆ ಎಷ್ಟು ದಿನ ನುಂಗಿದಿರಿ. ನಾನು ಹೇಳುವುದೆಲ್ಲ ಈ ಎರಡರ ಸುತ್ತಲೇ ಇರುತ್ತದೆ.

ಮೈಗ್ರೇನ್ ಎಂದರೆ ಏನು ಎಂದು ಉದ್ದಕ್ಕೆ ವಿವರಿಸುವುದಿಲ್ಲ. ಸಾಮಾನ್ಯವಾಗಿ ತಲೆಯ ಒಂದು ಕಡೆ ಮಿಡಿಯುವ ನೋವು, ಬೆಳಕು ಆಗುವುದಿಲ್ಲ, ಕುಕ್ಕರ್ ಕೂಗಿದರೆ ಆಗುವುದಿಲ್ಲ, ಹೊಟ್ಟೆ ತೊಳಸುತ್ತದೆ, ಮೆಟ್ಟಿಲು ಹತ್ತಿದರೆ ಇನ್ನೂ ಜಾಸ್ತಿಯಾಗುತ್ತದೆ. ಔಷಧಿ ತೆಗೆದುಕೊಳ್ಳದಿದ್ದರೆ 4 ಗಂಟೆಯಿಂದ 72 ಗಂಟೆಯವರೆಗೆ ಕಾಡುತ್ತದೆ. ವಾಂತಿಯಲ್ಲಿ ಹಳದಿ ನೀರು ಬಂತು ಎಂದು ಪಿತ್ತ ಎಂದುಕೊಂಡು ಗ್ಯಾಸ್ ಮಾತ್ರೆ ನುಂಗುವವರು, ಸೈನಸ್ ಎಂದುಕೊಂಡು ಆವಿ ತೆಗೆದುಕೊಳ್ಳುವವರು, ಕನ್ನಡಕ ಬದಲಿಸುವವರು, ಹೀಗೆ ಎಷ್ಟೋ ಜನ ವರ್ಷಗಳನ್ನೇ ಕಳೆದಿರುತ್ತಾರೆ. ನಿಮ್ಹಾನ್ಸ್‌ನವರು ಬೆಂಗಳೂರು ನಗರ ಮತ್ತು ಸುತ್ತಲಿನ ಹಳ್ಳಿಗಳಲ್ಲಿ 18ರಿಂದ 65 ವರ್ಷದವರನ್ನು ಮನೆ ಮನೆಗೆ ಹೋಗಿ ಮಾತಾಡಿಸಿ ಒಂದು ಸಮೀಕ್ಷೆ ಮಾಡಿದ್ದಾರೆ. ಒಂದು ವರ್ಷದೊಳಗೆ ಮೈಗ್ರೇನ್ ಬಂದವರು ಸುಮಾರು ಶೇ. 25. ನಾಲ್ವರಲ್ಲಿ ಒಬ್ಬರು! ಪ್ರಪಂಚದ ಲೆಕ್ಕದಲ್ಲಿ ಏಳು ಜನರಲ್ಲಿ ಒಬ್ಬರು ಎನ್ನುತ್ತಾರೆ. ಹೆಂಗಸರಲ್ಲಿ ಜಾಸ್ತಿ, ಪೇಟೆಗಿಂತ ಹಳ್ಳಿಯಲ್ಲಿ ಜಾಸ್ತಿ ಎಂದೂ ನಿಮ್ಹಾನ್ಸ್ ಸಮೀಕ್ಷೆಯಲ್ಲಿ ಕಂಡುಬಂತು. ಇದು ಆಫೀಸಿನ ಟೆನ್ಷನ್ ಇರುವವರ ಕಾಯಿಲೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ.

ಈಗ ಔಷಧಿಗೆ ಬರೋಣ. ಮೈಗ್ರೇನಿಗೆ ಎರಡು ಜಾತಿಯ ಔಷಧಿಗಳಿವೆ. ನೋವು ಬಂದಾಗ ತೆಗೆದುಕೊಳ್ಳುವುದು ಒಂದು, ನೋವು ಬರದಂತೆ ದಿನಾ ತೆಗೆದುಕೊಳ್ಳುವುದು ಇನ್ನೊಂದು. ನಮ್ಮ ಜನರಲ್ಲಿ ಬಹಳ ಮಂದಿಗೆ ಎರಡನೆಯ ಜಾತಿ ಇದೆ ಎಂಬುದೇ ಗೊತ್ತಿಲ್ಲ. ಅಷ್ಟು ಗೊತ್ತಾದರೂ ನಾನು ಬಂದಿದ್ದು ಸಾರ್ಥಕ.

ಮೊದಲು ನೋವು ಬಂದಾಗಿನ ಮಾತ್ರೆ. ಸಾಧಾರಣ ನೋವಿಗೆ ಪ್ಯಾರಾಸಿಟಮಾಲ್, ಅದು ಸಾಲದಿದ್ದರೆ ಐಬುಪ್ರೊಫೆನ್, ನಾಪ್ರೊಕ್ಸೆನ್, ಆಸ್ಪಿರಿನ್ ತರಹದವು. ಇವು ಚೆನ್ನಾಗಿಯೇ ಕೆಲಸ ಮಾಡುತ್ತವೆ, ಸರಿಯಾದ ಹೊತ್ತಿಗೆ ಸರಿಯಾದ ಡೋಸ್ ತೆಗೆದುಕೊಂಡರೆ. ಹೊಟ್ಟೆ ಹುಣ್ಣು ಇರುವವರು, ಕಿಡ್ನಿ ತೊಂದರೆ ಇರುವವರು, ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುವವರು ಪ್ಯಾರಾಸಿಟಮಾಲ್ ಬಿಟ್ಟು ಉಳಿದವನ್ನು ಡಾಕ್ಟರನ್ನು ಕೇಳದೆ ಮುಟ್ಟಬಾರದು.

ಸರಿಯಾದ ಹೊತ್ತು ಎಂದೆನಲ್ಲ, ಅದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ಮೈಗ್ರೇನ್ ಬಂದಾಗ ಹೊಟ್ಟೆಯ ಕೆಲಸ ನಿಧಾನವಾಗುತ್ತದೆ. ನುಂಗಿದ ಮಾತ್ರೆ ಜಠರದಲ್ಲೇ ಕೂತುಬಿಡುತ್ತದೆ, ಕರುಳಿಗೆ ಇಳಿದು ರಕ್ತಕ್ಕೆ ಸೇರುವುದು ತಡವಾಗುತ್ತದೆ. ನೋವು ಏರಿದ ಮೇಲೆ ತಲೆಯ ನರಗಳೂ ಕೆರಳಿಬಿಟ್ಟಿರುತ್ತವೆ, ಕೂದಲು ಬಾಚಿಕೊಂಡರೂ ನೋಯುವಷ್ಟು. ಆಗ ಅದೇ ಮಾತ್ರೆ ಅರ್ಧ ಕೆಲಸವನ್ನೂ ಮಾಡುವುದಿಲ್ಲ. ಹಾಲು ಉಕ್ಕುವ ಮೊದಲೇ ಒಲೆ ಆರಿಸಬೇಕು, ಅಲ್ವಾ? "ನೋಡೋಣ, ತಾನಾಗೇ ಹೋಗಬಹುದು, ಸುಮ್ನೆ ಯಾಕೆ ಮಾತ್ರೆ" ಎಂದು ಮಧ್ಯಾಹ್ನದವರೆಗೆ ತಡೆದುಕೊಂಡು, ಮಕ್ಕಳ ಊಟ, ಪಾತ್ರೆ ಎಲ್ಲ ಮುಗಿಸಿ, ಇನ್ನು ಆಗುವುದೇ ಇಲ್ಲ ಎನಿಸಿದಾಗ ನುಂಗುವ ತಾಯಂದಿರು ಇಲ್ಲಿ ಎಷ್ಟು ಜನ ಇದ್ದೀರಿ? ಕೈ ಎತ್ತಿ ನೋಡೋಣ. ನೋಡಿ, ಇಷ್ಟೊಂದು ಜನ. ತಡೆದುಕೊಳ್ಳುವುದರಿಂದ ಮಾತ್ರೆ ಉಳಿಯುವುದಿಲ್ಲ. ಕೊನೆಗೆ ಒಂದರ ಬದಲು ಮೂರು ಬೇಕಾಗುತ್ತದೆ. ಮೈಗ್ರೇನೇ ಎಂದು ಗೊತ್ತಾದ ಕೂಡಲೇ ತೆಗೆದುಕೊಳ್ಳಿ. ವಾಂತಿ, ಹೊಟ್ಟೆ ತೊಳಸುವುದು ಜಾಸ್ತಿ ಇದ್ದರೆ ಡೊಂಪೆರಿಡೋನ್ ಅಥವಾ ಮೆಟೊಕ್ಲೋಪ್ರಮೈಡ್ ಜೊತೆಗೆ ಬರೆದುಕೊಡುತ್ತಾರೆ. ಮೆಟೊಕ್ಲೋಪ್ರಮೈಡ್ ವಾಂತಿ ನಿಲ್ಲಿಸುವುದರ ಜೊತೆಗೆ ನಿಧಾನವಾದ ಹೊಟ್ಟೆಯನ್ನು ಚುರುಕು ಮಾಡಿ ನೋವಿನ ಮಾತ್ರೆ ಬೇಗ ಇಳಿಯಲು ನೆರವಾಗುತ್ತದೆ.

ಇವು ಯಾವುವೂ ಸಾಲದಿದ್ದರೆ ಟ್ರಿಪ್ಟಾನ್ ಎನ್ನುವ ಗುಂಪು. ಸುಮಾಟ್ರಿಪ್ಟಾನ್, ರಿಜಾಟ್ರಿಪ್ಟಾನ್, ಝೋಲ್ಮಿಟ್ರಿಪ್ಟಾನ್, ಹೀಗೆ. ಇವು ಸಾಮಾನ್ಯ ನೋವಿನ ಮಾತ್ರೆಗಳಲ್ಲ. ಕಾಲು ನೋವಿಗೋ ಹಲ್ಲು ನೋವಿಗೋ ಇವುಗಳಿಂದ ಪ್ರಯೋಜನವಿಲ್ಲ. ಮೈಗ್ರೇನಿಗೆಂದೇ ಹುಡುಕಿ ಮಾಡಿದವು. ಗ್ಲಾಕ್ಸೊ ಕಂಪನಿಯಲ್ಲಿ ಪ್ಯಾಟ್ರಿಕ್ ಹಂಫ್ರಿ ಮತ್ತು ಅವರ ತಂಡ ಸೆರೊಟೋನಿನ್ ಎಂಬ ರಾಸಾಯನಿಕದ ಬೆನ್ನು ಹತ್ತಿ ವರ್ಷಾನುಗಟ್ಟಲೆ ದುಡಿದು ಸುಮಾಟ್ರಿಪ್ಟಾನ್ ಕಂಡುಹಿಡಿದರು. 1991ರಲ್ಲಿ ಅದು ಯುರೋಪಿನ ಮಾರುಕಟ್ಟೆಗೆ ಬಂತು, ಮರುವರ್ಷ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿತು. ಕತ್ತಲೆ ಕೋಣೆಯಲ್ಲಿ ಇಡೀ ದಿನ ಮಲಗಬೇಕಾಗಿದ್ದ ಎಷ್ಟೋ ಜನ ಎರಡು ಗಂಟೆಯಲ್ಲಿ ಎದ್ದು ಕೆಲಸಕ್ಕೆ ಹೋಗುವಂತಾದದ್ದು ಆಮೇಲೆಯೇ.

ಟ್ರಿಪ್ಟಾನ್ ತೆಗೆದುಕೊಂಡಾಗ ಎದೆ ಅಥವಾ ಕತ್ತು ಬಿಗಿದ ಹಾಗೆ, ಮೈ ಜುಮ್ಮೆಂದ ಹಾಗೆ ಆಗಬಹುದು. ಸಾಮಾನ್ಯವಾಗಿ ಸ್ವಲ್ಪ ಹೊತ್ತಿನಲ್ಲಿ ಹೋಗುತ್ತದೆ, ಆದರೂ ಮೊದಲ ಸಲ ಹಾಗಾದರೆ ಡಾಕ್ಟರಿಗೆ ತಿಳಿಸಿ. ಇವು ರಕ್ತನಾಳಗಳನ್ನು ಕಿರಿದು ಮಾಡುತ್ತವೆ. ಹಾಗಾಗಿ ಹಾರ್ಟ್ ಅಟ್ಯಾಕ್ ಆದವರಿಗೆ, ಸ್ಟ್ರೋಕ್ ಆದವರಿಗೆ, ಹತೋಟಿಗೆ ಬಾರದ ಬಿ.ಪಿ. ಇರುವವರಿಗೆ ಇವನ್ನು ಕೊಡಬಾರದು. ಪಕ್ಕದ ಮನೆಯವರ ಮಾತ್ರೆ ಚೆನ್ನಾಗಿ ಕೆಲಸ ಮಾಡಿತಂತೆ ಎಂದು ಎರಡು ಕೇಳಿ ಪಡೆಯಬೇಡಿ ಎನ್ನುವುದು ಇದಕ್ಕೇ. ಇನ್ನೊಂದು, ಕೆಲವರಿಗೆ ನೋವಿನ ಮೊದಲು ಕಣ್ಣ ಮುಂದೆ ಅಂಕುಡೊಂಕು ಬೆಳಕಿನ ಗೆರೆ ಕಾಣಿಸುತ್ತದೆ. ಅದಕ್ಕೆ ಆರಾ ಎನ್ನುತ್ತಾರೆ. ಟ್ರಿಪ್ಟಾನ್ ಅನ್ನು ಆರಾ ಬಂದಾಗಲ್ಲ, ಅದರ ಹಿಂದೆಯೇ ನೋವು ಶುರುವಾದಾಗ ತೆಗೆದುಕೊಳ್ಳಬೇಕು. ಒಂದು ಟ್ರಿಪ್ಟಾನ್ ಹಿಡಿಸಲಿಲ್ಲ ಎಂದರೆ ಇನ್ನೊಂದು ಹಿಡಿಸಬಹುದು. ಒಂದೇ ಒಂದು ಸಲ ನೋಡಿ ಕೈಬಿಡಬೇಡಿ.

ನಮ್ಮಲ್ಲಿ ಇವೆಲ್ಲಕ್ಕಿಂತ ಹೆಚ್ಚು ಕೈಗೆ ಸಿಗುವ ಇನ್ನೊಂದು ಮಾತ್ರೆ ಇದೆ, ಎರ್ಗೊಟಮಿನ್ ಇರುವುದು. ವಾಸೋಗ್ರೇನ್ ಹೆಸರು ಕೇಳದವರು ಇಲ್ಲಿ ಕಡಿಮೆ. ಅದರಲ್ಲಿ ಎರ್ಗೊಟಮಿನ್, ಕೆಫೀನ್, ಪ್ಯಾರಾಸಿಟಮಾಲ್ ಮತ್ತು ವಾಂತಿಗೆ ಪ್ರೊಕ್ಲೋರ್‌ಪೆರಜೀನ್, ನಾಲ್ಕೂ ಸೇರಿವೆ. ಎರ್ಗೊಟಮಿನ್ ಹಳೆಯ ಔಷಧಿ. ಯುರೋಪಿನಲ್ಲಿ ರೈ ಎನ್ನುವ ಧಾನ್ಯದ ತೆನೆಗೆ ಹಿಡಿಯುವ ಎರ್ಗಟ್ ಎಂಬ ಶಿಲೀಂಧ್ರದಿಂದ ಇದನ್ನು 1918ರಲ್ಲಿ ಸ್ವಿಟ್ಜರ್ಲೆಂಡಿನ ಸ್ಯಾಂಡೋಜ್ ಕಂಪನಿಯಲ್ಲಿ ಆರ್ಥರ್ ಸ್ಟೋಲ್ ಬೇರ್ಪಡಿಸಿದರು. ಆ ಶಿಲೀಂಧ್ರ ಹಿಡಿದ ಧಾನ್ಯದ ರೊಟ್ಟಿ ತಿಂದು ಹಿಂದಿನ ಕಾಲದಲ್ಲಿ ಊರೂರೇ ನರಳಿದ್ದುಂಟು, ರಕ್ತ ಹರಿಯದೆ ಕೈಕಾಲು ಬೆರಳು ಕಪ್ಪಾಗಿ ಕೊಳೆತು ಬೀಳುತ್ತಿದ್ದವು. ಮಾತ್ರೆಯಲ್ಲಿರುವುದು ಅಳೆದ ಸಣ್ಣ ಪ್ರಮಾಣ, ನಿಜ. ಆದರೂ ರಕ್ತನಾಳ ಬಿಗಿ ಮಾಡುವ ಅದರ ಗುಣ ಹೋಗಿಲ್ಲ. ಕ್ಲಾರಿಥ್ರೊಮೈಸಿನ್, ಎರಿಥ್ರೊಮೈಸಿನ್ ಎಂಬ ಆ್ಯಂಟಿಬಯೋಟಿಕ್‌ಗಳ ಜೊತೆ ತೆಗೆದುಕೊಂಡರೆ ಮೈಯಲ್ಲಿ ಎರ್ಗೊಟಮಿನ್ ಕರಗದೆ ಉಳಿದು ಅದೇ ಗತಿ ಬರಬಹುದು. ಕೆಮ್ಮು, ಗಂಟಲು ನೋವು ಎಂದು ಒಬ್ಬ ಡಾಕ್ಟರ ಹತ್ತಿರ ಹೋಗಿ ಆ್ಯಂಟಿಬಯೋಟಿಕ್ ಬರೆಸಿಕೊಳ್ಳುತ್ತೀರಿ, ತಲೆನೋವಿನ ಮಾತ್ರೆ ಪರ್ಸಿನಲ್ಲಿದೆ ಎಂದು ಅವರಿಗೆ ಹೇಳುವುದೇ ಇಲ್ಲ. ದಯವಿಟ್ಟು ಹೇಳಿ. ಗರ್ಭಿಣಿಯರು ಇದನ್ನು ಮುಟ್ಟಲೇಬಾರದು. ಟ್ರಿಪ್ಟಾನ್ ಮತ್ತು ಎರ್ಗೊಟಮಿನ್ ಎರಡನ್ನೂ ಒಂದೇ ದಿನ ತೆಗೆದುಕೊಳ್ಳಬಾರದು, ನಡುವೆ 24 ಗಂಟೆ ಬಿಡಬೇಕು. ಇದು ಡಾಕ್ಟರ ಚೀಟಿ ಇಲ್ಲದೆ ಮಾರಬಾರದ ಔಷಧಿ. ಚೀಟಿ ಇಲ್ಲದೆಯೂ ಸಿಗುತ್ತಿದೆ ಎನ್ನುವುದು ನಮ್ಮ ವೃತ್ತಿಯವರು ಸರಿಪಡಿಸಿಕೊಳ್ಳಬೇಕಾದ ವಿಷಯ. ಅದನ್ನು ನಾನು ಎಲ್ಲ ಕಡೆಯೂ ಹೇಳುತ್ತೇನೆ.

ಈಗ ಎರಡನೆಯ ಲೆಕ್ಕ, ತಿಂಗಳಿಗೆ ಎಷ್ಟು ದಿನ. ಇಲ್ಲಿ ಗಮನ ಕೊಟ್ಟು ಕೇಳಿ. ತಲೆನೋವಿಗೆ ತೆಗೆದುಕೊಳ್ಳುವ ಮಾತ್ರೆಯೇ ಜಾಸ್ತಿಯಾದರೆ ತಲೆನೋವನ್ನು ತರುತ್ತದೆ. ಮೈಗ್ರೇನ್ ಇರುವವರಲ್ಲಿ ಇದು ಬಹಳ ಬೇಗ ಆಗುತ್ತದೆ. ಟ್ರಿಪ್ಟಾನ್, ಎರ್ಗೊಟಮಿನ್, ಟ್ರಮಡಾಲ್ ತರಹದ ಅಫೀಮು ಜಾತಿಯ ನೋವಿನ ಮಾತ್ರೆಗಳು ಮತ್ತು ಎರಡು ಮೂರು ಔಷಧಿ ಬೆರೆಸಿದ ಮಾತ್ರೆಗಳಿಗೆ ಮಿತಿ ತಿಂಗಳಿಗೆ 10 ದಿನ. ಬರೀ ಪ್ಯಾರಾಸಿಟಮಾಲ್ ಅಥವಾ ಬರೀ ಐಬುಪ್ರೊಫೆನ್‌ಗೆ 15 ದಿನ. ಮೂರು ತಿಂಗಳಿಗೂ ಮೀರಿ ಈ ಮಿತಿಯನ್ನು ಮುಟ್ಟುತ್ತಾ ಅಥವಾ ದಾಟುತ್ತಾ ಬಂದು, ತಿಂಗಳಲ್ಲಿ 15 ದಿನ ಅಥವಾ ಅದಕ್ಕಿಂತ ಹೆಚ್ಚು ತಲೆನೋವು ಇದ್ದರೆ, ಅದು ಔಷಧಿ ಅತಿಯಾಗಿ ಬಂದ ತಲೆನೋವು ಎಂದು ಡಾಕ್ಟರು ಗುರುತಿಸುತ್ತಾರೆ. ಸಾರಿಡಾನ್ ಸುಲಭವಾಗಿ ಸಿಗುತ್ತದೆ, ಆದರೆ ಅದರಲ್ಲೂ ಪ್ಯಾರಾಸಿಟಮಾಲ್, ಪ್ರೊಪಿಫೆನಜೋನ್, ಕೆಫೀನ್ ಬೆರೆತಿವೆ, ಹಾಗಾಗಿ ಅದೂ 10 ದಿನದ ಲೆಕ್ಕಕ್ಕೇ ಬರುತ್ತದೆ. ಇಲ್ಲಿ ಎಣಿಸಬೇಕಾದದ್ದು ದಿನಗಳನ್ನು, ಮಾತ್ರೆಗಳನ್ನಲ್ಲ. ಒಂದೇ ದಿನ ಎರಡು ನುಂಗಿದರೂ ಅದು ಒಂದು ದಿನ. ದಿನಕ್ಕೆ ಅರ್ಧ ಅರ್ಧ ಎಂದು ಇಪ್ಪತ್ತು ದಿನ ನುಂಗಿದರೆ ಅದು ಇಪ್ಪತ್ತು ದಿನ. ಅರ್ಧ ನುಂಗುವವರು ತಾವು ಬಹಳ ಜೋಪಾನ ಎಂದುಕೊಂಡಿರುತ್ತಾರೆ, ಪಾಪ, ಸಿಕ್ಕಿಬೀಳುವುದು ಅವರೇ.

ಸಿಕ್ಕಿಬಿದ್ದವರಿಗೆ ಬೆಳಿಗ್ಗೆ ಏಳುವಾಗಲೇ ತಲೆ ಭಾರ. ಮಾತ್ರೆ ನುಂಗಿದರೆ ನಾಲ್ಕು ಗಂಟೆ ಆರಾಮ, ಆಮೇಲೆ ಮತ್ತೆ. ಬಿಡುವುದೊಂದೇ ದಾರಿ. ಬಿಟ್ಟ ಮೇಲೆ ಮೊದಲ ವಾರ, ಹತ್ತು ದಿನ ನೋವು ಹೆಚ್ಚೇ ಆಗುತ್ತದೆ, ವಾಂತಿ, ಸಿಡುಕು, ನಿದ್ದೆಗೇಡು ಬರುತ್ತದೆ. ಅದನ್ನು ದಾಟಿದವರಲ್ಲಿ ಬಹಳ ಮಂದಿಗೆ ತಲೆನೋವಿನ ದಿನಗಳು ಚೆನ್ನಾಗಿ ಇಳಿಯುತ್ತವೆ. ಆದರೆ ಒಬ್ಬರೇ ಹಟ ಹಿಡಿದು ಮಾಡಬೇಡಿ. ಡಾಕ್ಟರ ಸಹಾಯ ಪಡೆಯಿರಿ. ಟ್ರಮಡಾಲ್ ಅಥವಾ ನಿದ್ದೆ ಮಾತ್ರೆ ಸೇರಿದ್ದರೆ ದಿಢೀರನೆ ನಿಲ್ಲಿಸಲೇಬಾರದು, ಮೆಲ್ಲಗೆ ಇಳಿಸಬೇಕು. ಈ ಹೊತ್ತಿನಲ್ಲೇ ಡಾಕ್ಟರು ಎರಡನೆಯ ಜಾತಿಯ ಔಷಧಿ, ಅಂದರೆ ದಿನಾ ತೆಗೆದುಕೊಳ್ಳುವುದನ್ನು ಶುರು ಮಾಡುತ್ತಾರೆ.

ದಿನಾ ತೆಗೆದುಕೊಳ್ಳುವ ಈ ಮಾತ್ರೆ ಯಾರಿಗೆ ಬೇಕು? ತಿಂಗಳಿಗೆ ನಾಲ್ಕು ದಿನಕ್ಕಿಂತ ಹೆಚ್ಚು ಮೈಗ್ರೇನ್ ಇದ್ದರೆ, ಅಥವಾ ಕಡಿಮೆ ಸಲ ಬಂದರೂ ಎರಡು ಮೂರು ದಿನ ಹಾಸಿಗೆ ಹಿಡಿಸಿದರೆ, ಇದರ ಬಗ್ಗೆ ನೀವೇ ಡಾಕ್ಟರನ್ನು ಕೇಳಿ. ಪ್ರೊಪ್ರನೊಲಾಲ್, ಅಮಿಟ್ರಿಪ್ಟಿಲಿನ್, ಟೋಪಿರಮೇಟ್, ಫ್ಲುನಾರಿಜಿನ್, ವ್ಯಾಲ್ಪ್ರೊಯೇಟ್, ಕ್ಯಾಂಡೆಸಾರ್ಟನ್, ಇವು ಸಾಮಾನ್ಯವಾಗಿ ಬರೆಯುವ ಹೆಸರುಗಳು. ಇವುಗಳಲ್ಲಿ ಹೆಚ್ಚಿನವು ಬೇರೆ ಕಾಯಿಲೆಗೆ ಬಂದವು. 1966ರಲ್ಲಿ ರಾಬ್ಕಿನ್ ಎಂಬ ವೈದ್ಯರು ಮತ್ತು ಜೊತೆಗಾರರು ಹೃದಯದ ನೋವಿಗೆ ಪ್ರೊಪ್ರನೊಲಾಲ್ ಕೊಟ್ಟು ನೋಡುತ್ತಿದ್ದಾಗ, ಅದೇ ರೋಗಿಯ ಮೈಗ್ರೇನ್ ಕೂಡ ಕಡಿಮೆಯಾದದ್ದು ಕಂಡಿತು. ಹೀಗೆ ಹೃದಯದ ಮಾತ್ರೆ ಮೈಗ್ರೇನಿಗೆ ಬಂತು. ಅಮಿಟ್ರಿಪ್ಟಿಲಿನ್ ಖಿನ್ನತೆಯ ಔಷಧಿ. ಟೋಪಿರಮೇಟ್, ವ್ಯಾಲ್ಪ್ರೊಯೇಟ್ ಫಿಟ್ಸ್ ಔಷಧಿಗಳು.

ತೊಂದರೆ ಶುರುವಾಗುವುದು ಇಲ್ಲೇ. ಮನೆಗೆ ಹೋಗಿ ಮಾತ್ರೆಯ ಹೆಸರನ್ನು ಗೂಗಲ್‌ನಲ್ಲಿ ಹಾಕುತ್ತಾರೆ. ಖಿನ್ನತೆಗೆ, ಫಿಟ್ಸ್‌ಗೆ ಎಂದು ಬರುತ್ತದೆ. "ನನಗೇನು ತಲೆ ಕೆಟ್ಟಿದೆಯಾ" ಎಂದು ಗಂಡನ ಮುಂದೆ ಅಳುತ್ತಾರೆ. ಮದುವೆಗೆ ನೋಡುತ್ತಿರುವ ಹುಡುಗಿಯಾದರೆ ತಾಯಿ ಆ ಸ್ಟ್ರಿಪ್ಪನ್ನು ಬೀರುವಿನಲ್ಲಿ ಬಚ್ಚಿಡುತ್ತಾಳೆ, ಯಾರಾದರೂ ನೋಡಿದರೆ ಏನು ಗತಿ ಎಂದು. ಎರಡೇ ವಾರಕ್ಕೆ ಮಾತ್ರೆ ನಿಂತುಹೋಗುತ್ತದೆ. ಆಮೇಲೆ ಮತ್ತೆ ನನ್ನ ಕೌಂಟರಿಗೇ ಬರುತ್ತಾರೆ, ಸ್ಟ್ರಾಂಗ್ ಆಗಿರೋದು ಕೊಡಿ ಎಂದು. ಮೈಗ್ರೇನಿಗೆ ಅಮಿಟ್ರಿಪ್ಟಿಲಿನ್ ಅನ್ನು ರಾತ್ರಿಗೆ 10 ಮಿಲಿಗ್ರಾಮಿನಿಂದ ಶುರು ಮಾಡುತ್ತಾರೆ. ಖಿನ್ನತೆಗೆ ಕೊಡುವ ಡೋಸ್ ಅದರ ಎಷ್ಟೋ ಪಟ್ಟು. ನಿಮಗೆ ಬರೆದದ್ದು ನಿಮ್ಮ ಮೈಗ್ರೇನಿಗೇ. ಹಾಗಂತ ಖಿನ್ನತೆಗೋ ಫಿಟ್ಸ್‌ಗೋ ಮಾತ್ರೆ ತೆಗೆದುಕೊಳ್ಳುವುದರಲ್ಲಿ ನಾಚಿಕೆಯೇನೂ ಇಲ್ಲ, ಅದನ್ನೂ ಹೇಳಿಬಿಡುತ್ತೇನೆ.

ಈ ಮಾತ್ರೆಗಳು ಇವತ್ತು ನುಂಗಿದರೆ ನಾಳೆಗೆ ಗುಣ ತೋರಿಸುವುದಿಲ್ಲ. ಸರಿಯಾದ ಡೋಸಿನಲ್ಲಿ ಎರಡು ಮೂರು ತಿಂಗಳು ತೆಗೆದುಕೊಂಡ ಮೇಲೆಯೇ ಲೆಕ್ಕ ಹಾಕಬೇಕು. ಪೂರ್ತಿ ಹೋಗಲಿಲ್ಲವಲ್ಲ ಎನ್ನಬೇಡಿ. ತಿಂಗಳಿಗೆ ಹತ್ತು ದಿನ ಇದ್ದದ್ದು ಐದಕ್ಕೆ ಇಳಿದರೆ ಔಷಧಿ ಕೆಲಸ ಮಾಡಿದೆ ಎಂದೇ ಅರ್ಥ. ಹಿಡಿಸಿದರೆ ಆರು ತಿಂಗಳಿಂದ ಒಂದು ವರ್ಷ ಕೊಟ್ಟು, ಆಮೇಲೆ ನಿಧಾನವಾಗಿ ಇಳಿಸುತ್ತಾರೆ. ಜೀವನಪೂರ್ತಿ ಎಂದು ಹೆದರಬೇಕಿಲ್ಲ.

ಯಾರಿಗೆ ಯಾವುದು ಎನ್ನುವುದನ್ನು ಡಾಕ್ಟರು ನಿಮ್ಮ ಉಳಿದ ಕಾಯಿಲೆ ನೋಡಿ ಆರಿಸುತ್ತಾರೆ. ಹಾಗಾಗಿ ಏನನ್ನೂ ಮುಚ್ಚಿಡಬೇಡಿ. ಅಸ್ತಮಾ ಇದ್ದರೆ ಪ್ರೊಪ್ರನೊಲಾಲ್ ಬೇಡ. ಅದನ್ನು ತೆಗೆದುಕೊಳ್ಳುತ್ತಿರುವವರು ನಡುವೆ ಒಮ್ಮೆಲೇ ನಿಲ್ಲಿಸಬಾರದು, ಮತ್ತು ಅದರ ಜೊತೆ ರಿಜಾಟ್ರಿಪ್ಟಾನ್ ಬೇಕಾದರೆ 10ರ ಬದಲು 5 ಮಿಲಿಗ್ರಾಮ್ ತೆಗೆದುಕೊಳ್ಳಬೇಕು, ಪ್ರೊಪ್ರನೊಲಾಲ್ ಅದರ ಮಟ್ಟವನ್ನು ರಕ್ತದಲ್ಲಿ ಏರಿಸುತ್ತದೆ. ಫ್ಲುನಾರಿಜಿನ್‌ನಿಂದ ತೂಕ, ನಿದ್ದೆ ಹೆಚ್ಚಾಗುತ್ತದೆ, ಕೆಲವರಲ್ಲಿ ಮನಸ್ಸು ಕುಗ್ಗುತ್ತದೆ, ವಯಸ್ಸಾದವರಲ್ಲಿ ಕೈ ನಡುಕ ಬರಬಹುದು. ಟೋಪಿರಮೇಟ್‌ನಿಂದ ತೂಕ ಇಳಿಯುತ್ತದೆ, ಬೆರಳು ಜುಮ್ಮೆನ್ನುತ್ತದೆ, ಕೆಲವರಿಗೆ ಮಾತಾಡುವಾಗ ಪದಗಳೇ ಹೊಳೆಯುವುದಿಲ್ಲ, ಕಿಡ್ನಿ ಕಲ್ಲಿನ ಭಯವೂ ಇದೆ, ನೀರು ಚೆನ್ನಾಗಿ ಕುಡಿಯಬೇಕು. ಮತ್ತು ಇದು ಎಲ್ಲಕ್ಕಿಂತ ಮುಖ್ಯ: ವ್ಯಾಲ್ಪ್ರೊಯೇಟ್ ಗರ್ಭದಲ್ಲಿರುವ ಮಗುವಿಗೆ ದೊಡ್ಡ ಹಾನಿ ಮಾಡುತ್ತದೆ, ಬೆನ್ನುಹುರಿಯ ದೋಷ, ಬುದ್ಧಿ ಬೆಳವಣಿಗೆಯ ತೊಂದರೆ. ಟೋಪಿರಮೇಟ್ ಕೂಡ ಗರ್ಭಕ್ಕೆ ಒಳ್ಳೆಯದಲ್ಲ. ಮಗು ಆಗುವ ವಯಸ್ಸಿನ ಹೆಣ್ಣುಮಕ್ಕಳಿಗೆ ಮೈಗ್ರೇನಿಗೆಂದು ವ್ಯಾಲ್ಪ್ರೊಯೇಟ್ ಬರೆದಿದ್ದರೆ, ಸಂಕೋಚ ಬಿಟ್ಟು ಡಾಕ್ಟರನ್ನು ಕೇಳಿ: ಇದಕ್ಕೆ ಬದಲು ಬೇರೆ ಕೊಡಬಹುದಾ?

ಹೊಸ ಔಷಧಿಗಳ ಬಗ್ಗೆ ಸ್ವಲ್ಪ ಹೇಳಿ ಮುಗಿಸುತ್ತೇನೆ. ಮೈಗ್ರೇನ್ ಬಂದಾಗ ತಲೆಯ ನರಗಳಿಂದ ಸಿಜಿಆರ್‌ಪಿ ಎಂಬ ವಸ್ತು ಹೊರಬರುತ್ತದೆ ಎಂದು 1990ರಲ್ಲಿ ಪೀಟರ್ ಗೋಡ್ಸ್‌ಬಿ ಮತ್ತು ಲಾರ್ಸ್ ಎಡ್ವಿನ್ಸನ್ ತೋರಿಸಿದರು. ಇನ್ನಿಬ್ಬರ ಜೊತೆಗೆ ಅವರಿಗೆ 2021ರಲ್ಲಿ, ಮೆದುಳಿನ ಸಂಶೋಧನೆಗೆ ಕೊಡುವ ಬ್ರೈನ್ ಪ್ರೈಜ್ ಬಂತು. ಆ ವಸ್ತು ಕೆಲಸ ಮಾಡದಂತೆ ತಡೆಯುವ ಮೊದಲ ಇಂಜೆಕ್ಷನ್ ಎರೆನುಮ್ಯಾಬ್‌ಗೆ ಅಮೆರಿಕದಲ್ಲಿ 2018ರಲ್ಲಿ ಒಪ್ಪಿಗೆ ಸಿಕ್ಕಿತು, ತಿಂಗಳಿಗೊಂದು ಚುಚ್ಚುಮದ್ದು. ರಿಮೆಜೆಪಂಟ್ ತರಹದ ಮಾತ್ರೆಗಳು 2020ರ ಹೊತ್ತಿಗೆ ಬಂದವು. ಇವು ಟ್ರಿಪ್ಟಾನ್ ಹಾಗೆ ರಕ್ತನಾಳ ಬಿಗಿ ಮಾಡುವುದಿಲ್ಲ. ಮೈಗ್ರೇನ್ ಇದ್ದು ತಿಂಗಳಲ್ಲಿ 15 ದಿನ ಅಥವಾ ಅದಕ್ಕಿಂತ ಹೆಚ್ಚು ತಲೆನೋವು ಕಾಡುವವರಿಗೆ 12 ವಾರಕ್ಕೊಮ್ಮೆ ತಲೆ, ಕತ್ತು, ಹೆಗಲಿನ 31 ಜಾಗಗಳಲ್ಲಿ ಕೊಡುವ ಬೊಟಾಕ್ಸ್ ಚುಚ್ಚುಮದ್ದು ಕೂಡ ಇದೆ. ಎಲ್ಲ ಒಳ್ಳೆಯದೇ, ಆದರೆ ದುಬಾರಿ. ಹಳೆಯ ಮಾತ್ರೆಗಳನ್ನು ಸರಿಯಾಗಿ ತೆಗೆದುಕೊಂಡೂ ಗುಣ ಕಾಣದವರು ತಲೆನೋವಿನ ತಜ್ಞರನ್ನು ಇವುಗಳ ಬಗ್ಗೆ ಕೇಳಬಹುದು.

ಇನ್ನು ಪ್ರಶ್ನೆಗಳು.

ಒಬ್ಬರು ಕೇಳಿದರು, ತಲೆಗೆ ಸ್ನಾನ ಮಾಡಿದ ದಿನವೇ ಬರುತ್ತದೆ, ಇದು ನನ್ನ ಭ್ರಮೆಯಾ ಎಂದು. ಭ್ರಮೆಯಲ್ಲಮ್ಮ. ಮುಂಬೈನ ತಲೆನೋವು ತಜ್ಞ ಡಾ. ಕೆ. ರವಿಶಂಕರ್ ಹೀಗೆ ತಲೆಸ್ನಾನದಿಂದ ಮೈಗ್ರೇನ್ ಬರುವ 94 ಭಾರತೀಯ ರೋಗಿಗಳ ಬಗ್ಗೆ 2006ರಲ್ಲಿ ಬರೆದಿದ್ದಾರೆ. ಹೊರದೇಶದ ಪುಸ್ತಕಗಳಲ್ಲಿ ಇದು ಸಿಗುತ್ತಿರಲಿಲ್ಲ, ಉದ್ದ ಕೂದಲನ್ನು ಒದ್ದೆಯಾಗಿ ಕಟ್ಟಿಕೊಂಡು ಕೆಲಸ ಮಾಡುವವರು ನಮ್ಮಲ್ಲೇ ತಾನೇ ಜಾಸ್ತಿ. ಡಾಕ್ಟರಿಗೆ ಇದನ್ನು ಹೇಳಿ. ಉಪವಾಸದ ದಿನ ಬರುವುದನ್ನೂ ಹೇಳಿ.

ಕಾಲೇಜಿನ ಹುಡುಗಿಯೊಬ್ಬಳು ಪಿರಿಯಡ್ಸ್ ಸರಿಹೋಗಲು ಹಾರ್ಮೋನ್ ಮಾತ್ರೆ ತೆಗೆದುಕೊಳ್ಳುತ್ತಿದ್ದೇನೆ, ತೊಂದರೆ ಇದೆಯಾ ಎಂದು ಕೇಳಿದಳು. ನಿನಗೆ ಆರಾ ಬರುವುದಾದರೆ ಇದೆ. ಆರಾ ಇರುವ ಮೈಗ್ರೇನ್ ಮತ್ತು ಈಸ್ಟ್ರೊಜೆನ್ ಇರುವ ಮಾತ್ರೆ ಎರಡೂ ಸೇರಿದರೆ ಸ್ಟ್ರೋಕ್ ಅಪಾಯ ಹೆಚ್ಚುತ್ತದೆ. ಅದನ್ನು ಬರೆದ ಡಾಕ್ಟರಿಗೆ ಈ ವಾರವೇ ತಿಳಿಸು.

ಗರ್ಭಿಣಿ ಸೊಸೆಗೆ ಏನು ಕೊಡುವುದು? ಮೊದಲು ಪ್ಯಾರಾಸಿಟಮಾಲ್. ಉಳಿದದ್ದು ಅವಳನ್ನು ನೋಡುತ್ತಿರುವ ಡಾಕ್ಟರನ್ನು ಕೇಳಿಯೇ. ಐಬುಪ್ರೊಫೆನ್ ತರಹದವು ಕೊನೆಯ ತಿಂಗಳುಗಳಲ್ಲಿ ಬೇಡವೇ ಬೇಡ.

ಯಾವಾಗ ಮಾತ್ರೆ ಬಿಟ್ಟು ಆಸ್ಪತ್ರೆಗೆ ಓಡಬೇಕು ಎಂದು ಕೇಳಿದವರಿಗೆ: ಸಿಡಿಲು ಬಡಿದಂತೆ ಒಮ್ಮೆಲೇ ಬಂದ ನೋವು, ಜ್ವರದ ಜೊತೆ ಕತ್ತು ಬಿಗಿತ, ಕೈಕಾಲಿನ ಬಲ ಹೋಗುವುದು, ಮಾತು ತೊದಲುವುದು, ಪ್ರಜ್ಞೆ ತಪ್ಪುವುದು, ತಲೆಗೆ ಪೆಟ್ಟು ಬಿದ್ದ ಮೇಲಿನ ನೋವು. 50 ದಾಟಿದ ಮೇಲೆ ಮೊದಲ ಸಲ ಶುರುವಾದ ತಲೆನೋವನ್ನೂ ಮೈಗ್ರೇನ್ ಎಂದು ನೀವೇ ತೀರ್ಮಾನ ಮಾಡಬೇಡಿ.

ಕೊನೆಯಲ್ಲಿ ಒಬ್ಬ ಹುಡುಗ ಎದ್ದು ನಿಂತ. ಅಮ್ಮ ದಿನಾ ಮಾತ್ರೆ ನುಂಗುತ್ತಾರೆ, ಹೇಳಿದರೆ ಕೇಳುವುದಿಲ್ಲ, ಏನು ಮಾಡಲಿ ಎಂದ. ಬೈಯಬೇಡಪ್ಪ. ಮಾತ್ರೆ ಇಲ್ಲದಿದ್ದರೆ ಅಡುಗೆಮನೆಯಲ್ಲಿ ನಿಲ್ಲಲೂ ಆಗುವುದಿಲ್ಲ ಎಂದು ಅವರಿಗೆ ಗೊತ್ತು, ಅದಕ್ಕೇ ನುಂಗುತ್ತಾರೆ. ಗೋಡೆಯ ಕ್ಯಾಲೆಂಡರಿನಲ್ಲಿ ತಲೆನೋವು ಬಂದ ದಿನಕ್ಕೊಂದು ಗುರುತು, ಮಾತ್ರೆ ನುಂಗಿದ ದಿನಕ್ಕೆ ಇನ್ನೊಂದು ಗುರುತು ಹಾಕು. ಖಾಲಿ ಸ್ಟ್ರಿಪ್‌ಗಳನ್ನು ಎಸೆಯದೆ ಒಂದು ಕವರಿನಲ್ಲಿ ಕೂಡಿಡು. ಒಂದು ತಿಂಗಳಾದ ಮೇಲೆ ಕ್ಯಾಲೆಂಡರಿನ ಹಾಳೆ, ಆ ಕವರ್, ಅವರ ಬಿ.ಪಿ., ಶುಗರ್, ಥೈರಾಯ್ಡ್ ಮಾತ್ರೆಗಳು, ಎಲ್ಲವನ್ನೂ ತೆಗೆದುಕೊಂಡು ಅಮ್ಮನ ಜೊತೆ ಡಾಕ್ಟರ ಹತ್ತಿರ ಹೋಗು, ಹೊರಗೆ ಕೂರಬೇಡ, ಒಳಗೆ ಹೋಗು. ದಿನಾ ತೆಗೆದುಕೊಳ್ಳುವ ಮಾತ್ರೆ ಅಮ್ಮನಿಗೆ ಶುರು ಮಾಡಬಹುದಾ ಎಂದು ನೀನೇ ಕೇಳು.